ಹಸಿದ ಹುಳಕ್ಕೆ ರೇಟು ಕೇಳಿದ್ದು

ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಸಮಾನಾರ್ಥಕ ಪದಗಳ ದಿನ ಬೋರ್ಡಿನ ಮೇಲೆ 'ಬೆಲೆ' ಎಂದು ಬರೆದು, ಉಳಿದವನ್ನು ಮಕ್ಕಳ ಬಾಯಿಂದಲೇ ಹೊರಡಿಸುತ್ತೇನೆ. ದರ, ಮೌಲ್ಯ, ಕ್ರಯ ಎಂದು ಪುಸ್ತಕದವು ಮೊದಲು ಬರುತ್ತವೆ. ಆಮೇಲೆ ಹಿಂದಿನ ಬೆಂಚಿನಿಂದ ರೇಟು, ಧಾರಣೆ ಅಂತ ಜೀವ ಇರುವ ಮಾತುಗಳು ಶುರುವಾಗುತ್ತವೆ. ಇವೆಲ್ಲ ಒಂದೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತಗೊಳ್ಳಿ, ಆದರೆ ನಂಬಲು ಹೋಗಬೇಡಿ ಎನ್ನುತ್ತೇನೆ.

ನಾನಂತೂ ನಂಬುವುದಿಲ್ಲ. ನಮ್ಮಮ್ಮನ ಲೆಕ್ಕದಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ರೇಷ್ಮೆ ಗೂಡಿಗೆ ಸಿಗುವುದು ಧಾರಣೆ. ಜಮೀನಿಗೆ ಕ್ರಯ, ಆ ಮಾತು ಬಂದ ಕೂಡಲೇ ಮನೆಯಲ್ಲಿ ಎಲ್ಲರ ದನಿ ತಗ್ಗುತ್ತದೆ. ಚಿಂತಾಮಣಿಯ ಟೊಮೊಟೊ ಮಂಡಿಯಲ್ಲಿ 'ಹೆಂಗಪ್ಪ ಬಾಕ್ಸು?' ಅಂದರೆ ಮುಗಿಯಿತು, ಬೆಲೆ ಎಂಬ ಪದವೇ ಬೇಕಿಲ್ಲ. ಗೌರಿಬಿದನೂರಿನ ದೊಡ್ಡಮ್ಮ ಸೀರೆ ಅಂಗಡಿಯಲ್ಲಿ 'ಇಂತ ಖರೀದಾ?' ಎಂದು ತೆಲುಗಿಗೆ ಜಾರುತ್ತಾಳೆ. ಸ್ಕಂದಗಿರಿ ಹತ್ತಲು ಬರುವವರು ಬೈಕು ನಿಲ್ಲಿಸಿ 'ಚಾರ್ಜ್ ಎಷ್ಟು' ಎನ್ನುತ್ತಾರೆ. ಮದುವೆಗೆ ಆಗುವುದು ಖರ್ಚು, ಅದೇ ದುಡ್ಡು ಸರ್ಕಾರದ ಕೈಯಿಂದ ಹೋದರೆ ವೆಚ್ಚ. ಯಾವ ಮಾತನ್ನು ಎಲ್ಲಿ ಆಡಬೇಕು ಅನ್ನುವುದರಲ್ಲಿ ನನ್ನನ್ನು ಸೋಲಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದು ಹೋದ ವರ್ಷದ ಬೇಸಿಗೆಯವರೆಗೂ ಅಂದುಕೊಂಡಿದ್ದೆ.

ಆ ರಜೆಯಲ್ಲಿ ಸಾದಲಿ ಹತ್ತಿರದ ನಮ್ಮ ತೋಟದಲ್ಲಿದ್ದೆ. ಅಮ್ಮ ಈಗಲೂ ಅಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಹುಳ ಪೊರೆ ಬಿಡಲು ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ, ಗೂಡು ಕಟ್ಟುವ ತನಕ ಒಂದು ವಾರ ಬಿಡದೆ ತಿನ್ನುತ್ತದೆ. ಸರಿಯಾಗಿ ಆ ವಾರವೇ ನಮ್ಮ ಸೊಪ್ಪು ಕೈಕೊಟ್ಟಿತು. ಅದಕ್ಕೂ ಮೊದಲು ಬೋರಿನ ಮೋಟರು ಸುಟ್ಟು, ರಿಪೇರಿಯಾಗಿ ಬರುವಷ್ಟರಲ್ಲಿ ಹಿಪ್ಪುನೇರಳೆ ಅರ್ಧದಷ್ಟೂ ಚಿಗುರಿರಲಿಲ್ಲ. ಇನ್ನು ಮೂರು ದಿನ ಸೊಪ್ಪು ಹಾಕಿದರೆ ಬೆಳೆ, ಇಲ್ಲದಿದ್ದರೆ ತಿಪ್ಪೆ. ಅಮ್ಮನಿಗೆ ನಷ್ಟದ ಭಯಕ್ಕಿಂತ ಇನ್ನೊಂದು ಭಯವಿತ್ತು. ತನ್ನ ಹುಳದ ಮನೆಯಲ್ಲಿ ಹುಳ ಹಸಿದು ಸತ್ತವು ಅನ್ನಿಸಿಕೊಂಡು ಅವಳಿಗೆ ಬದುಕಲು ಆಗುತ್ತಿರಲಿಲ್ಲ.

"ನಾನು ತರ್ತೀನಿ ಬಿಡಮ್ಮ" ಎಂದು ಹೊರಟೆ. ಪಕ್ಕದ ತೋಟ ನಾನು ಮಾವ ಎಂದು ಕರೆಯುವ ಹಿರಿಯರದು. ಸೊಪ್ಪು ಎದೆಯೆತ್ತರ ನಿಂತಿತ್ತು. ನಾನು ಸಂಬಳದವಳು, ಯಾರ ಹಂಗೂ ಬೇಡ ಅನ್ನುವ ಜಂಬ. "ಮಾವ, ಮೂರು ದಿನಕ್ಕೆ ಸೊಪ್ಪು ಬೇಕು. ರೇಟೆಷ್ಟು ಹೇಳಿ, ಈಗಲೇ ಫೋನಲ್ಲಿ ಹಾಕ್ತೀನಿ" ಎಂದೆ.

ಅವರು ನನ್ನ ಫೋನನ್ನೇ ನೋಡಿದರು. "ಮಾರೋ ಸೊಪ್ಪಿಲ್ಲಮ್ಮ ನನ್ಹತ್ರ" ಎಂದು ಒಳಗೆ ಹೋದರು.

ಮೈಯೆಲ್ಲ ಉರಿಯಿತು. ಮನೆಗೆ ಬಂದು, ಕಣ್ಣೆದುರು ಅಷ್ಟು ಸೊಪ್ಪು ಇಟ್ಟುಕೊಂಡು ಇಲ್ಲ ಅನ್ನುವ ಮನುಷ್ಯನಿಗೆ ಹೊಟ್ಟೆಕಿಚ್ಚಲ್ಲದೆ ಇನ್ನೇನು ಎಂದು ಕೂಗಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಏನಂತ ಕೇಳ್ದೆ?" ಅಂದಳು. ಹೇಳಿದೆ. ಅವಳು ತಲೆ ಚಚ್ಚಿಕೊಂಡಳು.

"ಹುಳ ಹಸ್ಕೊಂಡಿರೋವಾಗ ರೇಟ್ ಕೇಳ್ತಾರೇನೇ? ಖಾಲಿ ಮಂಕರಿ ಹಿಡ್ಕೊಂಡು ಬದುವಿನ ಮೇಲೆ ನಿಂತ್ಕೋಬೇಕು ಕಣೇ. ಎಷ್ಟು ಬೇಕು ಅಂತ ಅವ್ರೇ ಕೇಳ್ತಾರೆ. ಗೂಡು ಮಾರಿದ್ಮೇಲೆ ನಾವೇ ಹೋಗಿ ಕೊಟ್ಟು ಬರೋದು. ಬೆಳೆ ಹೋದ್ರೆ ಅವ್ರು ಒಂದು ಕಾಸೂ ಮುಟ್ಟಲ್ಲ. ನೀನು ಮೊದ್ಲೇ ದುಡ್ಡು ಹಾಕ್ತೀನಿ ಅಂದ್ರೆ? ನಾಳೆ ನಮ್ಮ ಹುಳ ಸತ್ರೆ, ಆ ದುಡ್ಡನ್ನ ಅವ್ರು ಯಾವ ಮುಖ ಇಟ್ಕೊಂಡು ತಿನ್ಬೇಕು?"

ಹುಳದ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಸೊಪ್ಪು ಕಡಿಮೆ ಬಿದ್ದಾಗಲೆಲ್ಲ ಅಮ್ಮನೇ ಹೋಗುತ್ತಿದ್ದಳು, ನಾನು ಓದಿಕೊಂಡು ಕೂತಿರುತ್ತಿದ್ದೆ. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೆ ನಾಚಿಕೆ ಪಡುತ್ತ ಕೂರಲು ಹುಳಕ್ಕೆ ಪುರುಸೊತ್ತಿರಲಿಲ್ಲ. ಮಂಕರಿ ಎತ್ತಿಕೊಂಡು ವಾಪಸ್ ಹೋದೆ.

ಮಾವ ತೋಟದಲ್ಲಿ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದರು. ಅವರ ಹುಳಕ್ಕೂ ಮೇವಿನ ಹೊತ್ತು ಇರಬೇಕು, ಇಂಥ ಹೊತ್ತಲ್ಲಿ ಬಂದೆನಲ್ಲ ಎಂದು ಇನ್ನಷ್ಟು ಕುಗ್ಗಿದೆ. ಬದುವಿನ ಮೇಲೆ ಸುಮ್ಮನೆ ನಿಂತೆ. ದಿನಕ್ಕೆ ಆರು ಪೀರಿಯಡ್ ಮಾತಾಡುವ ನನಗೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಸಾಮಾನ್ಯದ ಕೆಲಸವಲ್ಲ. ಅವರು ಒಂದು ಸಾಲು ಮುಗಿಸಿ ತಲೆಯೆತ್ತಿದರು.

"ಎಷ್ಟು ಬೇಕಮ್ಮಾ?"

ಮೂರು ದಿನವೂ ಹೊತ್ತೆ. ಕುತ್ತಿಗೆ ಹಿಡಿದುಕೊಂಡಿತು. ಹುಳ ಹಣ್ಣಾಗಿ, ಅಮ್ಮ ಒಂದೊಂದನ್ನೂ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಗೂಡು ಗಟ್ಟಿಯಾಗಿ ಬಂತು. ಶಿಡ್ಲಘಟ್ಟದ ಹರಾಜಿನಲ್ಲಿ ಮೊದಲ ಸಲ ಕೂಗಿದ್ದನ್ನು ಅಮ್ಮ ಒಪ್ಪದೆ, ಎರಡನೇ ಸುತ್ತಿಗೆ ಕಾದು ಒಳ್ಳೆ ಧಾರಣೆಗೇ ಮಾರಿದಳು. ಅವಳ ಜೊತೆಯಲ್ಲಿ ನಡೆಯುವಾಗ ನನಗೇ ಬೀಗುವ ಹಾಗಾಯಿತು.

ಸಂಜೆ ದುಡ್ಡು ಹಿಡಿದು ಮಾವನ ಮನೆಗೆ ಹೋದೆ. ಧಾರಣೆ ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಹೇಳಿದ ಮೊತ್ತ ತೀರ ಕಡಿಮೆಯಿತ್ತು.

"ಇಷ್ಟೇನಾ ಮಾವ?" ಎಂದೆ.

"ನೀನೇ ಹೊತ್ಕೊಂಡು ಹೋದ್ಯಲ್ಲಮ್ಮ, ಕೂಲಿ ಕಳೆದಿದ್ದೀನಿ."

ನಕ್ಕೆ, ಎಣಿಸಿ ಕೊಟ್ಟೆ. ಅವರ ಹೆಂಡತಿ ಕಾಫಿ ತಂದರು. ಏನಾದರೂ ಮಾತಾಡಬೇಕಲ್ಲ ಎಂದು, "ನಿಮ್ಮ ಗೂಡು ಮಾರ್ಕೆಟ್ಟಿಗೆ ಯಾವಾಗ ಅತ್ತೆ?" ಎಂದು ಕೇಳಿದೆ.

"ಇನ್ನೂ ಐದಾರು ದಿನ ಆಗುತ್ತೆ ಕಣಮ್ಮ. ನೀನು ಮಂಕರಿ ತಂದ ದಿನ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವಲ್ಲ."

ಲೋಟ ಬಾಯಿಯ ಹತ್ತಿರವೇ ನಿಂತಿತು. ಜ್ವರಕ್ಕೆ ಕೂತ ಹುಳ ಎಸಳು ಸೊಪ್ಪನ್ನೂ ಮುಟ್ಟುವುದಿಲ್ಲ, ಆ ದಿನ ಯಾರೂ ಸೊಪ್ಪು ಕೊಯ್ಯುವುದಿಲ್ಲ. ಮಾವ ನನ್ನ ಮುಖ ನೋಡದೆ ದುಡ್ಡನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಮುನಿಸಿಕೊಂಡು ಅತ್ತ ಹೋದ ಮೇಲೆ, ಖಾಲಿ ಮಂಕರಿಯೊಂದಿಗೆ ಇತ್ತ ಬರುವ ಮೊದಲೇ, ಅವರು ಕೊಯ್ಯಲು ಶುರು ಮಾಡಿದ್ದು ನಮ್ಮ ಹುಳಕ್ಕೆ.