ಹೆಂಡತಿಯ ತಮ್ಮನಿಗೆ ಕೊಟ್ಟ ನೋಟೀಸು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ನನ್ನದೊಂದು ಸಣ್ಣ ಕಾರ್ಖಾನೆ ಇತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎಲ್ಲರೂ ಮನೆಗೆ ಟೈಲ್ಸ್ ಹಾಕಿಸತೊಡಗಿ ನಮ್ಮ ಕಲ್ಲು ಕೇಳುವವರು ಕಡಿಮೆಯಾದರು. ಗಿರಾಕಿಗಳ ಬಾಕಿ ಬರಲಿಲ್ಲ, ನಾನೂ ಕೆಲಸಗಾರರ ಪಗಾರ ಮುಂದೂಡುತ್ತ ಹೋದೆ. ಒಬ್ಬರನ್ನಾದರೂ ತೆಗೆಯದೆ ನಡೆಯದು ಅನಿಸಿದಾಗ, ಮೊದಲ ದಿನದಿಂದಲೂ ಇದ್ದ ಹಿರಿಯ ಕೆಲಸಗಾರ ಕಣ್ಣಿಗೆ ಬಿದ್ದ. ಅವನ ಕೈ ಈಗ ನಿಧಾನವಾಗಿತ್ತು.

ಯಾವುದಕ್ಕೂ ಒಂದು ಮಾತು ಕೇಳಿರೋಣ ಎಂದು ಚಿತ್ತಾಪುರದ ವಕೀಲರ ಬಳಿ ಹೋದೆ. ಅವರು ಮೊದಲು ಪಗಾರದ ವಿಷಯಕ್ಕೇ ಬೈದರು. ಗಿರಾಕಿ ಕೊಡಲಿ ಬಿಡಲಿ, ದುಡಿದವರಿಗೆ ತಿಂಗಳ ಮೊದಲ ವಾರದಲ್ಲೇ ಕೊಡಬೇಕಂತೆ. ಒಬ್ಬನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಪಗಾರ, ಅದೂ ಕಳಿಸುವ ಮುಂಚೆ. ಎಲ್ಲಕ್ಕೂ ತಲೆಯಾಡಿಸಿದೆ. ಆಮೇಲೆ ಕೇಳಿದರು:

“ಎಲ್ಲಾರಕಿಂತ ಕಡೀಗೆ ಕೆಲಸಕ್ಕ ಬಂದವ್ರು ಯಾರ್ರಿ?”

“ನನ್ನ ಹೆಂಡ್ತಿ ತಮ್ಮ ಅದಾನ್ರಿ.”

“ಹಂಗಾದ್ರ ಮೊದಲ ಅವನ್ನೇ ಕಳಿಸಬೇಕಾಗ್ತದ. ಕಡೀಗೆ ಬಂದವ್ರೇ ಮೊದಲ ಹೋಗಬೇಕಂತ ಕಾಯ್ದೆ ಅದ.”

ವಾಡಿಯಲ್ಲಿ ರೈಲು ಬದಲಿಸಿ ಊರು ಮುಟ್ಟುವವರೆಗೂ ಅದೇ ಚಿಂತೆ. ಹೆಂಡತಿ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ. “ನಮ್ಮವ್ವಗ ನೀವೇ ಹೋಗಿ ಹೇಳ್ರಿ, ನಾ ಬರಂಗಿಲ್ಲ” ಎಂದಳು ಅಷ್ಟೆ.

ಮರುದಿನ ಕಾಳಗಿಯ ಬಸ್ಸು ಹತ್ತಿದೆ. ಅತ್ತೆ ಕೊಟ್ಟ ಚಹಾ ಆರಿಹೋಗುವವರೆಗೂ ಕಾನೂನು ಬಿಡಿಸಿ ಬಿಡಿಸಿ ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಮಗನಿಗೆ ಕಲ್ಲಿನ ಧೂಳೂ ಬೇಡವಾಗಿತ್ತಂತೆ, ಮಷೀನಿನ ಸದ್ದೂ ಬೇಡವಾಗಿತ್ತಂತೆ. ಊರೂರಿಗೆ ಜನರನ್ನು ಒಯ್ಯುವ ಟಂಟಂ ಆಟೋ ಓಡಿಸುವ ಆಸೆ ಅವನಿಗೆ. ಅಕ್ಕ ನೊಂದುಕೊಂಡಾಳು ಎಂದು ಸುಮ್ಮನಿದ್ದನಂತೆ.

“ಬಿಡ್ಲಿಕ್ಕ ಅಂಜಿ ಕುಂತಿದ್ದ ನೋಡ್ರಿ. ನೀವೇ ಕಳಿಸಿದ್ರ ಭಾಳ ಚಲೋ ಆತು.”

ನನ್ನ ಎದೆ ಹಗುರವಾಯಿತು. ಹಾಗೆಂದು ಲೆಕ್ಕ ಬಿಡಲಿಲ್ಲ. ಮನೆಯವರ ನಡುವೆ ಇದೆಲ್ಲ ಯಾಕೆ ಎಂದು ಹೆಂಡತಿಯ ತಮ್ಮ ಎಷ್ಟು ಬೇಡವೆಂದರೂ ನೋಟೀಸು ಕೊಟ್ಟು, ಪರಿಹಾರವನ್ನು ಕೈಯಲ್ಲಿಟ್ಟೆ. ಉಳಿದವರ ಬಾಕಿ ತೀರಿಸಲು ನನ್ನ ಮೋಟಾರ್ ಸೈಕಲ್ ಮಾರಿದೆ. ಹಿರಿಯ ಕೆಲಸಗಾರ ಉಳಿದ. ಹೆಂಡತಿಯ ತಮ್ಮ ಸಾಲ ಸೇರಿಸಿ ಟಂಟಂ ಕೊಂಡು ವಾಡಿ ದಾರಿಯಲ್ಲಿ ಓಡಿಸತೊಡಗಿದ. ನಾನೂ ಅದರಲ್ಲೇ ಓಡಾಡುತ್ತಿದ್ದೆ.

ಎರಡು ವರ್ಷದ ಮೇಲೆ ಹೈದರಾಬಾದಿನಿಂದ ದೊಡ್ಡ ಆರ್ಡರ್ ಬಂತು. ಹೊಸಬರನ್ನು ಸೇರಿಸುವ ಮುಂಚೆ ತೆಗೆದವನನ್ನೇ ಕರೆಯಬೇಕೆಂದು ವಕೀಲರು ಹೇಳಿದ್ದರಿಂದ ಅವನಿಗೆ ಹೇಳಿಕಳಿಸಿದೆ. ಟಂಟಂ ತಂದು ಕಾರ್ಖಾನೆ ಬಾಗಿಲಿಗೇ ನಿಲ್ಲಿಸಿದ.

“ಒಲ್ಲೆನ್ರಿ ಮಾಮಾ. ಬೇಕಾದ್ರ ನೀವೇ ನನ್ನ ಕಡಿ ಬರ್ರಿ. ಹಿಂದ ಕುಂತು ರೊಕ್ಕ ಇಸ್ಕೊಳ್ಳಾಕ ಒಬ್ರು ಬೇಕಾಗ್ಯಾರ.”

ಹಿರಿಯ ಕೆಲಸಗಾರ ಮಷೀನು ನಿಲ್ಲಿಸಿ ಹೊರಗೆ ಬಂದು ನಕ್ಕ. ಮೂವರೂ ಅಲ್ಲೇ ಕಲ್ಲಿನ ರಾಶಿಯ ಮೇಲೆ ಕೂತು ಚಹಾ ತರಿಸಿಕೊಂಡೆವು.