ತಪ್ಪಿಗೊಂದು ತಟ್ಟೆ ಬೋಂಡಾ

ರಾಧಾಮಣಿ ಮೇಡಂ ಅಲ್ಲಾಳಸಂದ್ರದವರು. ಅವರ ತಾತನ ರಾಗಿ ಹೊಲವಿದ್ದ ಜಾಗದಲ್ಲೇ ಈಗ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಯ ಕಟ್ಟಡವಿದೆ. ನರ್ಸಿಂಗ್ ಹೋಮ್‌ಗಳಿಗೆ ರೋಗಿಗಳ ಸರದಿ ನೋಡಿಕೊಳ್ಳುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನಾವು ಬರೆದದ್ದನ್ನು ಓದಿ ಒಪ್ಪಿಗೆ ಕೊಡುವುದು ಮೇಡಂ ಕೆಲಸ.

ಹಿಂದೆ ನಮ್ಮಲ್ಲೊಂದು ಪದ್ಧತಿಯಿತ್ತು. ಯಾರ ತಪ್ಪಿನಿಂದ ಪ್ರೋಗ್ರಾಂ ಕೆಟ್ಟಿತೋ ಅವರು ಕೆಳಗಿನ ಸೊಣ್ಣಮ್ಮನ ಅಂಗಡಿಯಿಂದ ಎಲ್ಲರಿಗೂ ಬೋಂಡಾ ತರಬೇಕು. ತಿನ್ನುತ್ತ ಎಲ್ಲರೂ ಒಂದೇ ಪರದೆಯ ಮುಂದೆ ಕೂತು ತಪ್ಪು ಹುಡುಕಬೇಕು. ಬೋಂಡಾ ಮುಗಿಯುವಷ್ಟರಲ್ಲಿ ಬೈಗುಳವೂ ಮುಗಿಯಬೇಕು. ಇದನ್ನು ಶುರುಮಾಡಿದ್ದೇ ಮಾಲೀಕರಾದ ಮನೋಹರ್. ಮೊದಲ ಬೋಂಡಾ ತಂದದ್ದೂ ಅವರೇ, ಕೀಬೋರ್ಡಿಗೆ ಚಟ್ನಿ ಚೆಲ್ಲಿ ಮೇಡಂ ಹತ್ತಿರ ಉಗಿಸಿಕೊಂಡದ್ದೂ ಅವರೇ.

ಆಮೇಲೆ ಎಐ ಬಂತು. ಹೀಗೆ ಬೇಕು ಎಂದರೆ ಸಾಕು, ಕೋಡ್ ಅದೇ ಬರೆಯುತ್ತದೆ, ತಪ್ಪನ್ನೂ ಅದೇ ಹಿಡಿಯುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಎಲ್ಲರ ಕಿವಿಗೂ ಹೆಡ್‌ಫೋನ್ ಏರಿತು, ಬೋಂಡಾ ನಿಂತೇಹೋಯಿತು. ಆಫೀಸು ಬಣಗುಟ್ಟುತ್ತಿತ್ತು. ಆ ಹಳೆಯ ಗದ್ದಲ ನೆನಪಾದಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಈ ಮೇ ತಿಂಗಳಲ್ಲಿ ಎಐ ಎಡವಿತು. ಹೊಸದಾಗಿ ಸೇರಿದ್ದ ಮೋನಿಕಾ ಅದರ ಕೈಲಿ ಬರೆಸಿದ ಕೋಡ್, 5/6 ಎಂಬ ದಿನಾಂಕದಲ್ಲಿ ಮೊದಲ ಅಂಕಿಯನ್ನೇ ತಿಂಗಳೆಂದು ಓದಿತು. ಜೂನ್ ಐದಕ್ಕೆ ಬರಬೇಕಾದವರಿಗೆಲ್ಲ ಮೇ ಆರಕ್ಕೇ ಬನ್ನಿ ಎಂದು ಸಂದೇಶ ಹೋಯಿತು. ರಾಜಾನುಕುಂಟೆಯ ನರಸಯ್ಯ ಎಂಬ ಹಿರಿಯರು ರಕ್ತಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಬಸ್ ಹತ್ತಿ ಬಂದು, ನರ್ಸಿಂಗ್ ಹೋಮ್ ಬಾಗಿಲಲ್ಲಿ ತಲೆಸುತ್ತಿ ಕೂತುಬಿಟ್ಟರಂತೆ.

"ಯಾರು ಮಾಡಿದ್ದು ಇದು?" ಮನೋಹರ್ ಕೂಗಾಡಿದರು.

"ಎಐ, ಸರ್..." ಎಂದಳು ಮೋನಿಕಾ.

"ಎಐನ ಕೆಲಸದಿಂದ ತೆಗೆಯೋಕಾಗುತ್ತಾ? ನಾಳೆಯಿಂದ ನೀನು ಬರ್ಬೇಡಮ್ಮ."

ಮೇಡಂ ಎದ್ದು ಹೊರಗೆ ಹೋದರು. ಇವರೂ ಕೈಬಿಟ್ಟರಲ್ಲ ಎಂದು ನನಗೆ ಉರಿದುಹೋಯಿತು. ಮೋನಿಕಾ ಬ್ಯಾಗು ತುಂಬಿಕೊಳ್ಳುವಷ್ಟರಲ್ಲಿ ಅವರು ವಾಪಸು ಬಂದು, ಎಣ್ಣೆ ಇಳಿದ ಪೊಟ್ಟಣವನ್ನು ಮನೋಹರ್ ಮೇಜಿನ ಮೇಲಿಟ್ಟರು.

"ಏನಿದು ಮೇಡಂ?"

"ಬೋಂಡಾ ಕಣ್ರೀ. ಎಐ ತರಲ್ವಲ್ಲ! ಅದು ಬರೆದಿದ್ದನ್ನ ಓದಿ ಸರಿ ಅಂದಿದ್ದು ನಾನು. ನರಸಯ್ಯನವರಿಗೂ ಈಗ ಫೋನ್ ಮಾಡಿ ತಪ್ಪಾಯ್ತು ಅಂದೆ. ಆ ಹುಡುಗಿನ ಕಳಿಸೋದಾದ್ರೆ ಮೊದ್ಲು ನನ್ನ ಕಳಿಸಿ. ಅವತ್ತು ನೀವು ಬೋಂಡಾ ತಂದಾಗ ನಿಮ್ಮನ್ನ ಯಾರಾದ್ರೂ ಹೋಗು ಅಂದ್ರಾ?"

ಮನೋಹರ್ ಪೊಟ್ಟಣವನ್ನು ಕೈಗೆತ್ತಿಕೊಂಡರು. ಆಮೇಲೆ ಮೋನಿಕಾಳ ಪರದೆಯ ಮುಂದೆ ಕುರ್ಚಿ ಎಳೆದುಕೊಂಡರು.

"ಬ್ಯಾಗ್ ಇಡಮ್ಮ. ಎಲ್ಲಿ ತಪ್ಪಿದೆ, ತೋರಿಸು."

ಹೆಡ್‌ಫೋನುಗಳು ಒಂದೊಂದಾಗಿ ಕಳಚಿದವು, ಕುರ್ಚಿಗಳು ಸರಿದವು. ನನಗೆ ಹಳೆಯ ದಿನವೇ ಬಂದಷ್ಟು ಖುಷಿಯಾಯಿತು.

ಬೋಂಡಾ ಸಾಲಲಿಲ್ಲ. ಇನ್ನೊಂದು ಪೊಟ್ಟಣ ತರಲು ನಾನು ಏಳುತ್ತಿದ್ದಂತೆ ಮನೋಹರ್ ತಡೆದರು.

"ಕೂತ್ಕೊಳ್ಳಿ. ಈ ಸಲ ತರ್ಬೇಕಾದೋನು ನಾನು."