ಕೆಂಪು ಬಾರದ ಜ್ವಾಲೆ

ಕಾದ ಮರಳಿನಲ್ಲಿ ಮಂಡಕ್ಕಿ ತಿರುವುವ ಆ ಚರ್‌ಚರ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅರವತ್ತರ ದಶಕದ ದಾವಣಗೆರೆ. ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಹಿಂದೆಯೇ ಭಟ್ಟಿಗಳ ಸಾಲು. ನಾನು ಅಲ್ಲಿ ಡೆಮಾನ್‌ಸ್ಟ್ರೇಟರ್. ಕಾನ್ವೆಂಟಿನಲ್ಲಿ ಓದಿದವಳು, ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಜಂಬದಿಂದ ಹೇಳುತ್ತಿದ್ದವಳು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ಒಂದು ಮಧ್ಯಾಹ್ನ ಹುಡುಗಿಯರಿಗೆ ಹೇಳುತ್ತಿದ್ದೆ: ಸೂರ್ಯನಂಥ ನಕ್ಷತ್ರಗಳ ಮೇಲ್ಪದರದಲ್ಲಿ ಲಿಥಿಯಂ ಎಂಬ ಹಗುರ ಧಾತು ಇರಬೇಕಾದಷ್ಟು ಇಲ್ಲ. ಕುದಿತ ಅದನ್ನು ಒಳಗಿನ ಬಿಸಿಗೆ ಎಳೆದೊಯ್ಯುತ್ತದೆ, ಅಲ್ಲಿ ಅದು ಒಡೆದು ಹೀಲಿಯಂ ಆಗಿಬಿಡುತ್ತದೆ.

ಬಾಗಿಲಲ್ಲಿದ್ದ ಅಟೆಂಡರ್ ಚನ್ನಬಸಪ್ಪ ನಕ್ಕರು; ಹಿಂದಿನ ಸಾಲಿನಲ್ಲಿ ಅವರ ಹೆಂಡತಿಯದೂ ಒಂದು ಭಟ್ಟಿ. "ನಮ್ಮಾಕಿ ಭಟ್ಟಿ ಇದ್ದಂಗ ಐತಲ್ರಿ ಮಿಸ್ಸಾರೆ! ಮೇಲೆ ಹಾಕಿದ ಅಕ್ಕಿ ಮರಳಾಗ ಮುಳುಗಿದ ಮ್ಯಾಲೆ, ಹುಡುಕಿದ್ರೆ ಅಕ್ಕಿ ಎಲ್ಲೈತ್ರಿ?"

"ಬರ್ರಿ, ನೀವೇ ಲೆಕ್ಚರ್ ಕೊಡ್ರಿ" ಎಂದೆ. ಹುಡುಗಿಯರೆಲ್ಲ ನಕ್ಕರು.

ಲಿಥಿಯಂ ಉಪ್ಪಿನ ಬಾಟಲಿ ತೆಗೆದೆ. ಆ್ಯಸಿಡ್‌ನಲ್ಲಿ ತೊಳೆದ ತಂತಿಯನ್ನು ಅದ್ದಿ ಬರ್ನರ್‌ಗೆ ಹಿಡಿದೆ. ಜ್ವಾಲೆ ಕಡುಗೆಂಪಾಗಬೇಕು. ಆದದ್ದು ಅಡುಗೆ ಉಪ್ಪಿನ ಹಳದಿ. ಬೆಳಕನ್ನು ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪಿನಲ್ಲೂ ಕೆಂಪು ಗೆರೆ ಇಲ್ಲ. ಮೂರು ಸಲ ನೋಡಿದೆ. ಹಿಂದಿನ ದಿನವಷ್ಟೇ ಅದೇ ಬಾಟಲಿ ಕೆಂಪು ಕೊಟ್ಟಿತ್ತು.

ಬಾಟಲಿ ಇಡುವ ಬೀರುವಿಗೆ ಎರಡು ಕೀಲಿ, ಒಂದು ನನ್ನದು, ಒಂದು ಚನ್ನಬಸಪ್ಪನವರದು. ಬಾಟಲಿಯಲ್ಲಿದ್ದದ್ದು ದುಬಾರಿ ಫಾರಿನ್ ಸಾಲ್ಟ್. ಅವರ ಮನೆಯಲ್ಲೋ, ಮಂಡಕ್ಕಿ ಅಕ್ಕಿಗೆ ಬೆರೆಸಲು ಚೀಲಗಟ್ಟಲೆ ಉಪ್ಪು. ನನ್ನ ಸಂಶಯಕ್ಕೆ ಅಷ್ಟು ಸಾಕಾಯಿತು. ಅಸಲಿಯನ್ನು ಮಾರಿ ಉಪ್ಪು ತುಂಬಿದ್ದಾರೆ ಎಂದು ಪ್ರಿನ್ಸಿಪಾಲರಿಗೆ ಚೆಂದದ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆದೆ.

"ಮಕ್ಕಳಾಣೆಗೂ ಮುಟ್ಟಿಲ್ರಿ" ಎಂದರು ಚನ್ನಬಸಪ್ಪ. ಅವರ ಕೆಲಸ ಹೋಯಿತು.

ರಿಪೋರ್ಟ್ ಬರೆದ ದಿನವೇ ಬಾಟಲಿಗೆ ನಾನೇ ಅರಗಿನ ಸೀಲ್ ಹಾಕಿದ್ದೆ. ಎರಡೂ ಕೀಲಿ ನನ್ನ ಪರ್ಸಿನಲ್ಲಿದ್ದವು. ಎಂಟು ದಿನಗಳಾದ ಮೇಲೆ, ಎಸೆಯುವ ಮುನ್ನ ಒಮ್ಮೆ ನೋಡೋಣವೆಂದು ಸೀಲ್ ಒಡೆದೆ. ಅದೇ ತಂತಿ, ಅದೇ ಬರ್ನರ್.

ಜ್ವಾಲೆ ದಾಸವಾಳದಂತೆ ಕೆಂಪಾಯಿತು.

ತಂತಿಯ ದೋಷವೇ, ಕಣ್ಣಿನದೇ, ಯಾರಾದರೂ ಬದಲಿಸಿದರೇ? ಎಲ್ಲ ಪಾಸಿಬಿಲಿಟಿಯನ್ನೂ ಈ ವಯಸ್ಸಿನವರೆಗೆ ಜಾಲಾಡಿದ್ದೇನೆ, ಒಂದೂ ನಿಲ್ಲುವುದಿಲ್ಲ. ಆದರೆ ಅಂದು ನಾನು ಮಾಡಿದ್ದಕ್ಕೆ ವಿವರಣೆ ಬೇಕಿಲ್ಲ: ಬರ್ನರ್ ಆರಿಸಿ, ಬಾಟಲಿಯನ್ನು ಬೀರುವಿನಲ್ಲಿಟ್ಟು, ಯಾರಿಗೂ ಹೇಳದೆ ಮನೆಗೆ ಹೋದೆ.

ಚನ್ನಬಸಪ್ಪನವರನ್ನು ಕೊನೆಯ ಸಲ ನೋಡಿದ್ದು ಹರಿಹರದ ಬಸ್ ನಿಲ್ದಾಣದ ಹತ್ತಿರ, ಯಾರದೋ ಭಟ್ಟಿಯಲ್ಲಿ. ಬೆವರುತ್ತ ಮರಳು ತಿರುವುತ್ತಿದ್ದರು. ನನ್ನನ್ನು ಕಂಡು ಹೆಗಲ ವಸ್ತ್ರದಿಂದ ಬೆಂಚು ಒರೆಸಿದರು. "ಕೂಡ್ರಿ ಮಿಸ್ಸಾರೆ." ಕಾಗದದ ತುಂಬ ಬಿಸಿ ಮಂಡಕ್ಕಿ ಕೊಟ್ಟು, ಮೆಲ್ಲಗೆ ಕೇಳಿದರು:

"ಆಮ್ಯಾಲೆ ಯಾವತ್ತಾದ್ರೂ ಕೆಂಪು ಬಂತೇನ್ರಿ?"

"ಇಲ್ಲ" ಎಂದೆ.

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮತ್ತೆ ಅದೇ ಚರ್‌ಚರ್ ಸದ್ದು.